ಹಳೆಯ ಕಾರಿನ ಮುಂಭಾಗವನ್ನು ತಗ್ಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲೂ ಹಳೆಯ ಪದ್ಮಿನಿ, ಕಾಂಟೆಸಾ, ಮಾರುತಿ 800, ಜೆನ್ ಕಾರುಗಳನ್ನು ಜತನದಿಂದ ಇಟ್ಟುಕೊಂಡವರು ಇಂದಿಗೂ ಇದ್ದಾರೆ. ಅವುಗಳ ಮೂತಿಯನ್ನು ತುಸು ಕೆಳಗಿಳಿಸಿದರೆ ಚೆನ್ನಾಗಿ ಕಾಣುತ್ತದೆ ಎಂಬ ಆಸೆ ಹುಟ್ಟಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿರುತ್ತವೆ. ಇಲ್ಲಿನ ಉತ್ತರಗಳೆಲ್ಲ ಒಂದೇ ಅಭಿಪ್ರಾಯದ ಮೇಲೆ ನಿಂತಿವೆ. ಗಾಡಿಯನ್ನು ತಗ್ಗಿಸುವ ಪ್ರತಿ ಮಿಲಿಮೀಟರೂ ಹೊಂಡ ಬಂದಾಗ ಚಕ್ರ ಮೇಲೇಳಲು ಇರುವ ಜಾಗದಿಂದಲೇ ಕಳೆದುಹೋಗುತ್ತದೆ. ಆ ಜಾಗ ಎಷ್ಟಿದೆ ಎಂದು ಅಳೆಯದೆ, ಮುಂದಿನ ಸ್ಪ್ರಿಂಗು ಕತ್ತರಿಸಿ ಗಿಡ್ಡ ಮಾಡಲು ಯಾರೂ ಗ್ರೈಂಡರ್ ಕೈಗೆತ್ತಿಕೊಳ್ಳಬಾರದು.

ಮುಂಭಾಗ ತಗ್ಗಿಸುವುದರಿಂದ ನಿಜವಾಗಿ ಸಿಗುವುದೇನು?

ಮುಖ್ಯವಾಗಿ ಸಿಗುವುದು ನೋಟ. ಗಾಡಿಯ ಭಾರಕೇಂದ್ರ ಸ್ವಲ್ಪ ಕೆಳಗಿಳಿಯುತ್ತದೆ, ಸ್ಪ್ರಿಂಗು ಸ್ವಲ್ಪ ಬಿಗಿಯಾಗುವುದರಿಂದ ಬ್ರೇಕ್ ಒತ್ತಿದಾಗ ಮೂತಿ ಬಾಗುವುದು ತುಸು ಕಡಿಮೆಯಾಗುತ್ತದೆ ಎಂಬುದೇನೋ ನಿಜ. ಆದರೆ ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲಿ ಓಡುವ ಮೂವತ್ತು ವರ್ಷದ ಹಳೆಯ ಕಾರಿಗೆ ಇದರಿಂದ ರಸ್ತೆಯ ಮೇಲಿನ ಹಿಡಿತ ಬಹಳ ಸುಧಾರಿಸಿತು ಎಂದು ಹೇಳಲು ಬರುವುದಿಲ್ಲ. ಹಿಡಿತವೇ ಬೇಕಾಗಿದ್ದರೆ ಅದೇ ಹಣದಲ್ಲಿ ಹೊಸ ಬುಷ್‌ಗಳನ್ನೂ ಒಳ್ಳೆಯ ಶಾಕ್ ಅಬ್ಸಾರ್ಬರ್‌ಗಳನ್ನೂ ಹಾಕಿಸಿಕೊಳ್ಳುವುದು ಲೇಸು. ಚಂದಕ್ಕಾಗಿ ಮಾಡಿಸುತ್ತೇನೆ ಎನ್ನುವುದರಲ್ಲಿ ತಪ್ಪೇನಿಲ್ಲ. ಹಾಗೆಂದು ಮೊದಲೇ ಒಪ್ಪಿಕೊಂಡವರು ಸಾಮಾನ್ಯವಾಗಿ 20-25 ಮಿಲಿಮೀಟರಿಗೆ ತೃಪ್ತರಾಗುತ್ತಾರೆ, ಮತ್ತು ಈ ಜಿಲ್ಲೆಯ ರಸ್ತೆಗಳಿಗೆ ಅಷ್ಟೇ ಸಾಕು.

ಎಲ್ಲ ಹಳೆಯ ಕಾರುಗಳಲ್ಲೂ ಸ್ಪ್ರಿಂಗು ಕತ್ತರಿಸಬಹುದೇ?

ಇಲ್ಲ. ಅಂಬಾಸಿಡರ್ ಕಾರಿನ ಮುಂಭಾಗವು ಟಾರ್ಷನ್ ಬಾರ್‌ಗಳ, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆಗಳ, ಮೇಲೆ ನಿಂತಿರುವುದರಿಂದ ಅಲ್ಲಿ ಕತ್ತರಿಸಲು ಸುರುಳಿಯೇ ಇರುವುದಿಲ್ಲ. ಬಾರಿನ ಹಿಡಿತದ ಸ್ಥಾನವನ್ನು ಬದಲಿಸಿ ಎತ್ತರ ಹೊಂದಿಸಬೇಕಾಗುತ್ತದೆ. ಬಾರಿನ ಉದ್ದ ಬದಲಾಗದ ಕಾರಣ ಅದರ ಬಿಗಿಯೂ ಬದಲಾಗುವುದಿಲ್ಲ. ಬಹುಕಾಲ ಒಂದೇ ದಿಕ್ಕಿಗೆ ತಿರುಚಿಕೊಂಡು ಕೆಲಸ ಮಾಡಿದ ಎಡಬದಿಯ ಬಾರನ್ನು ಬಲಕ್ಕೆ ಹಾಕುವಂತಿಲ್ಲ ಎಂಬುದನ್ನು ಮಾತ್ರ ಬಿಚ್ಚುವಾಗಲೇ ನೆನಪಿಟ್ಟು ಗುರುತು ಹಾಕಿಕೊಳ್ಳಬೇಕು.

ಪದ್ಮಿನಿ ಮತ್ತು ಕಾಂಟೆಸಾಗಳಲ್ಲಿ ಮುಂದೆ ಎರಡು ತೋಳುಗಳ ವಿಶ್‌ಬೋನ್ ಜೋಡಣೆ ಹಾಗೂ ಕಾಯಿಲ್ ಸ್ಪ್ರಿಂಗು, ಹಿಂದೆ ಪ್ಲೇಟುಗಳ ಲೀಫ್ ಸ್ಪ್ರಿಂಗು ಇರುತ್ತವೆ. ಮಾರುತಿ 800, ಜೆನ್, ಎಸ್ಟೀಮ್‌ಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗು ಕುಳಿತಿರುವ ಜೋಡಣೆ. ಮುಂದೆ ಬರುವ ಲೆಕ್ಕಗಳು ಈ ಎರಡು ಬಗೆಗೆ ಬೇರೆ ಬೇರೆಯಾಗಿರುವುದರಿಂದ ನಿಮ್ಮದು ಯಾವುದು ಎಂದು ಗಾಡಿಯ ಕೆಳಗೆ ಇಣುಕಿ ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾಲೀಕರು ಮಾರ್ಪಡಿಸುವಂತಿಲ್ಲ. ಆರ್‌ಸಿಯಲ್ಲಿ ನೆಲದಿಂದ ಇರುವ ಅಂತರ ನಮೂದಾಗಿರುವುದೇ ಇಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಆದರೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಓದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ₹5,000 ದಂಡವನ್ನು, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸವನ್ನು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಹೀಗಿರುವಾಗ ‘ಎಲ್ಲರೂ ಮಾಡಿಸುತ್ತಾರೆ’ ಎಂಬುದು ಉತ್ತರವಾಗುವುದಿಲ್ಲ. ಗಾಡಿ ಕೆಎ 30 ಆಗಿದ್ದರೆ ಕಾರವಾರದ, ಕೆಎ 31 ಆಗಿದ್ದರೆ ಶಿರಸಿಯ, ಕೆಎ 47 ಆಗಿದ್ದರೆ ಹೊನ್ನಾವರದ ಸಾರಿಗೆ ಕಚೇರಿಯಲ್ಲಿ ಕೆಲಸಕ್ಕೆ ಮುನ್ನವೇ ಲಿಖಿತವಾಗಿ ವಿಚಾರಿಸುವುದು ಸರಿಯಾದ ಕ್ರಮ. ವಿಮಾ ಕಂಪನಿಗೂ ತಿಳಿಸಿರಬೇಕು; ತಿಳಿಸದೆ ಮಾಡಿದ ಮಾರ್ಪಾಡನ್ನೇ ಮುಂದಿಟ್ಟುಕೊಂಡು ಅಪಘಾತದ ಕ್ಲೇಮು ತಿರಸ್ಕರಿಸಲು ಅವರಿಗೆ ದಾರಿಯಾಗುತ್ತದೆ.

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿದ್ದು, ಆಗ ಗಾಡಿಯನ್ನು ತಪಾಸಣೆಗೆ ಒಯ್ಯಲೇಬೇಕಾಗುತ್ತದೆ. ಇನ್ನೊಂದು ವಿಚಾರವನ್ನು ಬಹಳ ಮಂದಿ ಮರೆಯುತ್ತಾರೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯನ್ನು ಕೊಡುತ್ತವೆ. ಎಪ್ಪತ್ತರ ದಶಕದ ಪದ್ಮಿನಿ ನಿಮ್ಮ ಬಳಿ ಇದ್ದರೆ, ಅದರ ಸ್ಪ್ರಿಂಗಿಗೆ ಕೈ ಹಾಕುವ ಮುನ್ನ ಆ ಅವಕಾಶವನ್ನೂ ತೂಗಿ ನೋಡಿ.

ನನ್ನ ಗಾಡಿ ಈಗಾಗಲೇ ತಗ್ಗಿರಬಹುದೇ?

ಇರಬಹುದು, ಬಹಳ ಸಲ ಇದ್ದೇ ಇರುತ್ತದೆ. ಹಳೆಯ ಸ್ಪ್ರಿಂಗು ವರ್ಷಗಳ ಭಾರಕ್ಕೆ ಕುಗ್ಗಿ ತನ್ನ ಮೂಲ ಉದ್ದವನ್ನು ಕಳೆದುಕೊಂಡಿರುತ್ತದೆ, ಅದೂ ಚಾಲಕನ ಬದಿಯಲ್ಲಿ ತುಸು ಹೆಚ್ಚಾಗಿ. ಸಮತಟ್ಟಾದ ಸಿಮೆಂಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಟಯರುಗಳ ಗಾಳಿ ಸರಿಮಾಡಿ, ಬಾನೆಟ್ಟನ್ನು ಮೂರ್ನಾಲ್ಕು ಸಲ ಒತ್ತಿ ಬಿಟ್ಟ ಬಳಿಕ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟಯರು ಸವೆದಿರುವುದು, ಗಾಳಿ ಕಡಿಮೆಯಿರುವುದು ಎಲ್ಲವೂ ಆ ಅಳತೆಯಲ್ಲಿ ಸೇರಿಕೊಂಡುಬಿಡುತ್ತವೆ. ಎಡಬಲಗಳ ನಡುವೆ 10 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಸ್ಪ್ರಿಂಗುಗಳು ಕತ್ತರಿಸಲು ಯೋಗ್ಯವಲ್ಲ, ಬದಲಿಸಲು ಯೋಗ್ಯ. ಕುಗ್ಗಿದ ಸ್ಪ್ರಿಂಗನ್ನು ಮತ್ತಷ್ಟು ಗಿಡ್ಡ ಮಾಡಿಸಿ, ಗಾಡಿ ಯಾಕೋ ಒಂದು ಬದಿಗೆ ವಾಲುತ್ತಿದೆ ಎಂದು ಮೇಸ್ತ್ರಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಒಂದು ಸುತ್ತು ಕತ್ತರಿಸಿದರೆ ಎಷ್ಟು ತಗ್ಗುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಗ್ಯಾರೇಜುಗಳಲ್ಲಿ ಅಂದಾಜಿನ ಮೇಲೆ ನಡೆಯುವ ಕೆಲಸವೂ ಇದೇ. ಲೆಕ್ಕ ಮಾತ್ರ ಕಷ್ಟದ್ದಲ್ಲ. ಸ್ಪ್ರಿಂಗಿನ ಪ್ರತಿ ಸುತ್ತೂ ಒಂದೇ ಭಾರವನ್ನು ಹೊತ್ತು ಒಂದೇ ಪ್ರಮಾಣದಲ್ಲಿ ಒತ್ತಿಕೊಂಡಿರುತ್ತದೆ. ಆದ್ದರಿಂದ ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗ ಒಂದು ಸುತ್ತು ಎಷ್ಟು ಎತ್ತರವನ್ನು ಆಕ್ರಮಿಸಿದೆಯೋ ಅಷ್ಟನ್ನೇ ನೀವು ಕತ್ತರಿಸಿ ತೆಗೆಯುತ್ತೀರಿ. ಬಿಚ್ಚಿ ನೆಲದ ಮೇಲಿಟ್ಟ ಸ್ಪ್ರಿಂಗಿನ ಸುತ್ತುಗಳ ಅಂತರವನ್ನು ಅಳೆದು ಲೆಕ್ಕ ಹಾಕಿದವರಿಗೆ ಬರುವ ಉತ್ತರ ತಪ್ಪಾಗಿರುತ್ತದೆ, ಏಕೆಂದರೆ ಭಾರವಿಲ್ಲದಾಗ ಸುತ್ತುಗಳು ದೂರ ದೂರ ಇರುತ್ತವೆ.

ಉದಾಹರಣೆಗೆ, ಗಾಡಿಯಲ್ಲಿ ಕುಳಿತಿರುವಾಗ ಸ್ಪ್ರಿಂಗಿನ ಎತ್ತರ 200 ಮಿಲಿಮೀಟರ್, ಕೆಲಸ ಮಾಡುವ ಸುತ್ತುಗಳು 8 ಎಂದಿಟ್ಟುಕೊಳ್ಳಿ. ಒಂದು ಸುತ್ತಿನ ಪಾಲು 25 ಮಿಲಿಮೀಟರ್. ಸ್ಟ್ರಟ್ ಇರುವ ಕಾರಿನಲ್ಲಿ ಸ್ಪ್ರಿಂಗು ಬಹುತೇಕ ಚಕ್ರದಷ್ಟೇ ಚಲಿಸುವುದರಿಂದ ಮೂತಿ ಹೆಚ್ಚುಕಡಿಮೆ 25 ಮಿಲಿಮೀಟರೇ ಇಳಿಯುತ್ತದೆ.

ವಿಶ್‌ಬೋನ್ ಕಾರಿನಲ್ಲಿ ಹಾಗಲ್ಲ. ಸ್ಪ್ರಿಂಗು ಕೆಳತೋಳಿನ ನಡುವೆಲ್ಲೋ ಕುಳಿತಿರುತ್ತದೆ, ಚಕ್ರವೋ ತೋಳಿನ ತುದಿಯಲ್ಲಿರುತ್ತದೆ. ತೋಳಿನ ಒಳಗಿನ ಕೀಲಿನಿಂದ ಸ್ಪ್ರಿಂಗಿನ ನಡುವಿಗೆ 180 ಮಿಲಿಮೀಟರ್, ಬಾಲ್ ಜಾಯಿಂಟಿಗೆ 360 ಮಿಲಿಮೀಟರ್ ಇದ್ದರೆ ಸ್ಪ್ರಿಂಗಿನ ಬಳಿ ಕಡಿಮೆಯಾದ 25 ಮಿಲಿಮೀಟರು ಚಕ್ರದ ಬಳಿ 50 ಮಿಲಿಮೀಟರಾಗುತ್ತದೆ. ಅಂದರೆ ಮಾರುತಿಗೆ ಒಪ್ಪುವ ‘ಒಂದು ಸುತ್ತು’ ಪದ್ಮಿನಿಯ ಬಗೆಯ ಗಾಡಿಯನ್ನು ಎರಡು ಇಂಚು ಕೆಳಗೆ ಕೂರಿಸಿಬಿಡಬಹುದು. ಇಂಥ ಕಾರಿನಲ್ಲಿ ಕಾಲು ಸುತ್ತಿನಿಂದ ಆರಂಭಿಸಿ, ಜೋಡಿಸಿ, ಒಂದಷ್ಟು ದೂರ ಓಡಿಸಿ, ಅಳೆದು, ಬೇಕೆನಿಸಿದರೆ ಮಾತ್ರ ಮತ್ತೆ ಬಿಚ್ಚಬೇಕು. ಬಿಚ್ಚಿ ಜೋಡಿಸುವ ಕೂಲಿ ಎರಡು ಸಲ ಬೀಳುತ್ತದೆ ಎಂದು ಗೊಣಗುವವರು, ಹೊಸ ಸ್ಪ್ರಿಂಗು ಜೋಡಿಯ ಬೆಲೆಯನ್ನೂ ಹಳೆಯ ಮಾದರಿಗೆ ಅದು ಸಿಗುವ ಸಾಧ್ಯತೆಯನ್ನೂ ಒಮ್ಮೆ ವಿಚಾರಿಸಿ ಬರಲಿ.

ಚಕ್ರ ಮೇಲೇಳಲು ಉಳಿದ ಜಾಗವನ್ನು ಅಳೆಯುವುದು ಹೇಗೆ?

ಸ್ಟ್ರಟ್ ಇರುವ ಗಾಡಿಯಾದರೆ ಧೂಳಿನ ಕವಚವನ್ನು ಮೇಲೆ ಸರಿಸಿ, ಶಾಕಿನ ಹೊಳೆಯುವ ದಂಡಕ್ಕೆ ತೆಳುವಾದ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಬಿಗಿದು, ಬುಡಕ್ಕೆ ತಾಗುವಂತೆ ಇಳಿಸಿಡಿ. ಆಮೇಲೆ ನೀವು ದಿನವೂ ಹೋಗುವ ದಾರಿಯಲ್ಲೇ, ನಿಮ್ಮ ಊರಿನ ಅತಿ ಕೆಟ್ಟ ಹಂಪು ಮತ್ತು ಹೊಂಡಗಳನ್ನು ಬಿಡದೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಿ ಬನ್ನಿ. ಶಾಕು ಒತ್ತಿಕೊಂಡಾಗಲೆಲ್ಲ ಟೈ ದಂಡದ ಮೇಲೆ ಸರಿದು, ಅತಿ ಹೆಚ್ಚು ಒತ್ತಿಕೊಂಡ ಜಾಗದಲ್ಲಿ ನಿಂತಿರುತ್ತದೆ. ಅಲ್ಲಿಂದ, ಚಕ್ರ ಮಿತಿಮೀರಿ ಮೇಲೇಳದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿನವರೆಗೆ ಉಳಿದ ಅಂತರವೇ ನಿಮ್ಮ ಉಳಿತಾಯ. ಅದು 15 ಮಿಲಿಮೀಟರ್ ಮಾತ್ರವಿದ್ದರೆ 25 ಮಿಲಿಮೀಟರ್ ತಗ್ಗಿಸಿದ ಗಾಡಿ ಅದೇ ಹೊಂಡದಲ್ಲಿ ರಬ್ಬರಿಗೆ ಬಡಿಯುವುದು ಬಹುತೇಕ ಖಚಿತ.

ದಂಡ ಕಾಣದ ಹಳೆಯ ವಿಶ್‌ಬೋನ್ ಗಾಡಿಗಳಲ್ಲಿ ಬಂಪ್ ರಬ್ಬರಿನ ತುದಿಗೆ ದಪ್ಪವಾಗಿ ಗ್ರೀಸ್ ಮೆತ್ತಿ ಓಡಿಸಿ ನೋಡಬಹುದು. ಎದುರಿನ ಲೋಹದ ಮೇಲೆ ಗ್ರೀಸಿನ ಗುರುತು ಮೂಡಿದ್ದರೆ ಗಾಡಿ ಈಗಿರುವ ಎತ್ತರದಲ್ಲೇ ತಳ ಮುಟ್ಟುತ್ತಿದೆ ಎಂದರ್ಥ, ಮುಂದಿನ ಮಾತು ಅನಗತ್ಯ.

ಕತ್ತರಿಸಿದ ಸ್ಪ್ರಿಂಗು ಬಿಗಿಯಾಗುತ್ತದಲ್ಲ, ಹಾಗಾದರೆ ತಳ ಬಡಿಯುವುದೇಕೆ?

ಸುತ್ತುಗಳ ಸಂಖ್ಯೆ ಕಡಿಮೆಯಾದಷ್ಟೂ ಸ್ಪ್ರಿಂಗು ಬಿಗಿಯಾಗುತ್ತದೆ ಎಂಬುದು ಸರಿ. ಆದರೆ ಆ ಬಿಗಿ ಕಳೆದುಕೊಂಡ ಜಾಗಕ್ಕೆ ಸಾಟಿಯಾಗುವುದಿಲ್ಲ. ಎಂಟು ಸುತ್ತಿನ ಸ್ಪ್ರಿಂಗಿನಿಂದ ಒಂದು ಸುತ್ತು ತೆಗೆದರೆ ಬಿಗಿ ಸುಮಾರು ಶೇ 14ರಷ್ಟು ಹೆಚ್ಚುತ್ತದೆ. ಅದೇ ಒಂದು ಸುತ್ತು ಮೇಲೆ ಹೇಳಿದ ವಿಶ್‌ಬೋನ್ ಗಾಡಿಯನ್ನು 50 ಮಿಲಿಮೀಟರ್ ಇಳಿಸಿದ್ದು, ಮೊದಲು ಚಕ್ರ ಮೇಲೇಳಲು 80 ಮಿಲಿಮೀಟರ್ ಇದ್ದಿದ್ದರೆ ಈಗ ಉಳಿದಿರುವುದು 30 ಮಾತ್ರ. ಜಾಗ ಅರ್ಧಕ್ಕಿಂತ ಕಡಿಮೆಯಾಯಿತು, ಬಿಗಿ ಹೆಚ್ಚಿದ್ದು ಏಳರಲ್ಲೊಂದು ಪಾಲು. ‘ಗಾಡಿ ಗಟ್ಟಿಯಾಗಿದೆ’ ಎಂದು ಹೆಮ್ಮೆಪಡುವವರಲ್ಲಿ ಹೆಚ್ಚಿನವರು ಅನುಭವಿಸುತ್ತಿರುವುದು ಸ್ಪ್ರಿಂಗಿನ ಬಿಗಿಯನ್ನಲ್ಲ, ಬಂಪ್ ರಬ್ಬರಿನ ಮೇಲೆ ಸವಾರಿ ಮಾಡುವುದನ್ನು.

ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿದರೆ ತಾನಾಗಿಯೇ ಕೂರುತ್ತದಂತೆ, ಅದು ಸುಲಭವಲ್ಲವೇ?

ಸುಲಭ, ಮತ್ತು ಇರುವ ದಾರಿಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು. ಸ್ಪ್ರಿಂಗಿನ ಉಕ್ಕನ್ನು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾದ ಶಾಖ ಕೊಟ್ಟು ಆ ಗುಣಕ್ಕೆ ತಂದಿರುತ್ತಾರೆ. ಗ್ಯಾಸ್ ಟಾರ್ಚಿನಿಂದ ಕೆಂಪಾಗುವವರೆಗೆ ಕಾಯಿಸಿದರೆ ಆ ಹದ ಅಷ್ಟು ಭಾಗದಲ್ಲಿ ಹೋಗಿಬಿಡುತ್ತದೆ. ತಾನಾಗಿ ಆರಿದರೆ ಆ ಸುತ್ತು ಮೆತ್ತಗಾಗಿ ತಿಂಗಳು ತಿಂಗಳಿಗೂ ಕುಗ್ಗುತ್ತಲೇ ಹೋಗುತ್ತದೆ. ನೀರು ಸುರಿದು ತಣಿಸಿದರೆ ಗಾಜಿನ ಸ್ವಭಾವ ಬಂದು ಯಾವುದೋ ಹೊಂಡದಲ್ಲಿ ಫಟ್ಟನೆ ಮುರಿಯಬಹುದು. ಎರಡು ಬದಿಗೂ ಒಂದೇ ಪ್ರಮಾಣದಲ್ಲಿ ಕಾಯಿಸುವುದು ಯಾವ ಕೈಗೂ ಸಾಧ್ಯವಿಲ್ಲದ ಕೆಲಸ. ಕೇಳಿದ ತಕ್ಷಣ ಟಾರ್ಚ್ ಹೊತ್ತಿಸುವ ಗ್ಯಾರೇಜಿನಿಂದ ಗಾಡಿಯನ್ನು ವಾಪಸ್ಸು ತನ್ನಿ.

ಹಾಗಾದರೆ ಕತ್ತರಿಸುವುದು ಯಾವುದರಿಂದ, ಯಾವ ತುದಿಯಿಂದ?

ತೆಳುವಾದ ಕಟಿಂಗ್ ಡಿಸ್ಕ್ ಹಾಕಿದ ಗ್ರೈಂಡರಿನಿಂದ, ನಡುನಡುವೆ ನಿಲ್ಲಿಸಿ ಒದ್ದೆ ಬಟ್ಟೆಯಿಂದ ಆರಿಸುತ್ತಾ, ಕತ್ತರಿಸಿದ ಅಂಚು ನೀಲಿ ಬಣ್ಣಕ್ಕೆ ತಿರುಗದಂತೆ ಕತ್ತರಿಸಬೇಕು. ಗ್ಯಾಸ್ ಕಟಿಂಗ್ ಬೇಡ. ತುದಿಯ ಅರೆಸುತ್ತು ಸೀಟಿನ (ಸ್ಪ್ರಿಂಗು ಕೂರುವ ತಟ್ಟೆಯ) ಮೇಲೆ ಕುಳಿತು ಸುಮ್ಮನಿರುವುದರಿಂದ ಡಿಸ್ಕಿನ ಅಲ್ಪ ಶಾಖ ಅಲ್ಲಿಗೆ ಅಷ್ಟಾಗಿ ಬಾಧಿಸುವುದಿಲ್ಲ.

ಯಾವ ತುದಿ ಎಂಬುದು ಹೆಚ್ಚು ಮುಖ್ಯ. ಕೊನೆಯ ಸುತ್ತು ಪಕ್ಕದ ಸುತ್ತಿಗೆ ಒತ್ತಿ ಚಪ್ಪಟೆಯಾಗಿ ಕುಳಿತಿದ್ದರೆ, ಅಥವಾ ಒಳಕ್ಕೆ ಕಿರಿದಾಗಿ ಸುತ್ತಿಕೊಂಡಿದ್ದರೆ, ಆ ತುದಿಯನ್ನು ಮುಟ್ಟಬಾರದು. ಕತ್ತರಿಸಿದರೆ ಸ್ಪ್ರಿಂಗು ಸೀಟಿನ ಮೇಲೆ ಓರೆಯಾಗಿ ನಿಂತು ಒಂದೇ ಬಿಂದುವಿನಲ್ಲಿ ಭಾರ ಹೊರುತ್ತದೆ. ತುದಿ ಹಾಗೆಯೇ ತೆರೆದುಕೊಂಡು ಕೊನೆಗೊಂಡಿದ್ದು, ಸೀಟಿನಲ್ಲಿ ಅದರ ಓರೆಗೆ ತಕ್ಕ ಏರಿಳಿತವೂ ತುದಿ ತಾಗಿ ನಿಲ್ಲುವ ಮೆಟ್ಟಿಲೂ ಇದ್ದರೆ ಅಲ್ಲಿಂದ ಕತ್ತರಿಸಬಹುದು. ಜೋಡಿಸುವಾಗ ಹೊಸ ತುದಿ ಆ ಮೆಟ್ಟಿಲಿಗೆ ಸರಿಯಾಗಿ ತಾಗುವಂತೆ ತಿರುಗಿಸಿ ಕೂರಿಸಬೇಕು. ಎರಡು ತುದಿಯೂ ಮುಚ್ಚಿದ ಬಗೆಯದಾಗಿದ್ದರೆ ಆ ಸ್ಪ್ರಿಂಗು ಕತ್ತರಿಸುವಂಥದ್ದೇ ಅಲ್ಲ. ಕತ್ತರಿಸಿದ ಅಂಚಿನ ಮುಳ್ಳುಗಳನ್ನು ಉಜ್ಜಿ ನುಣುಪು ಮಾಡಿ, ಪ್ರೈಮರ್ ಬಳಿದು, ಬಣ್ಣ ಹಚ್ಚಿದ ನಂತರವಷ್ಟೇ ಜೋಡಿಸಬೇಕು.

ಸಮುದ್ರದ ಗಾಳಿಗೆ ತುಕ್ಕು ಹಿಡಿದ ಸ್ಪ್ರಿಂಗನ್ನು ಉಪಯೋಗಿಸಬಹುದೇ?

ಮೇಲ್ಮೈಯ ಕೆಂಪು ಪುಡಿ ವೈರ್ ಬ್ರಷ್ಷಿಗೆ ಬಿಟ್ಟುಕೊಟ್ಟರೆ ಚಿಂತೆಯಿಲ್ಲ. ಅದರ ಕೆಳಗೆ ಉಗುರು ಸಿಕ್ಕಿಕೊಳ್ಳುವಂಥ ಗುಳಿಗಳಿದ್ದರೆ ಆ ಸ್ಪ್ರಿಂಗನ್ನು ಕೈಬಿಡಬೇಕು. ಕಡಲಂಚಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಮೊದಲು ಹಾಳಾಗುವುದು ಕೆಳಗಿನ ಸೀಟಿನಲ್ಲಿ ಕುಳಿತ ಸುತ್ತು. ಅಲ್ಲಿ ಕೆಮ್ಮಣ್ಣಿನ ಕೆಸರು ಗಟ್ಟಿಯಾಗಿ, ಉಪ್ಪಿನ ತೇವವನ್ನು ಹಿಡಿದಿಟ್ಟುಕೊಂಡು, ಬಣ್ಣವನ್ನು ಒಳಗಿನಿಂದಲೇ ಎಬ್ಬಿಸಿರುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆದರೆ ಬಣ್ಣದ ಸಿಪ್ಪೆಯ ಹಿಂದೆ ಕಪ್ಪು ಪದರಗಳು ಏಳುತ್ತವೆ.

ತುಕ್ಕು ಎಷ್ಟು ತಿನ್ನುತ್ತದೆ ಎಂಬುದಕ್ಕೆ ಲೆಕ್ಕವೊಂದಿದೆ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 12 ಮಿಲಿಮೀಟರ್ ದಪ್ಪದ ತಂತಿ ಉದ್ದಕ್ಕೂ ಸವೆದು ಹನ್ನೊಂದೂವರೆಗೆ ಇಳಿದರೆ ಬಿಗಿ ಸುಮಾರು ಶೇ 16ರಷ್ಟು ಕಡಿಮೆಯಾಗುತ್ತದೆ, ಅದೇ ಭಾರಕ್ಕೆ ಉಕ್ಕಿನ ಮೇಲೆ ಬೀಳುವ ಒತ್ತಡ ಸುಮಾರು ಶೇ 14ರಷ್ಟು ಹೆಚ್ಚುತ್ತದೆ. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ, ವರ್ನಿಯರ್ ಕ್ಯಾಲಿಪರಿಗೆ ಕಾಣುತ್ತದೆ. ಮೂರು ನಾಲ್ಕು ಕಡೆ ಅಳೆದು ನೋಡದೆ ಕರಾವಳಿಯ ಯಾವ ಹಳೆಯ ಸ್ಪ್ರಿಂಗನ್ನೂ ಕತ್ತರಿಸಬೇಡಿ.

ಸ್ಪ್ರಿಂಗನ್ನು ಮನೆಯಲ್ಲೇ ಬಿಚ್ಚಬಹುದೇ?

ಸರಿಯಾದ ಸಲಕರಣೆಯೂ ಹಿಂದೆ ಬಿಚ್ಚಿದ ಅನುಭವವೂ ಇಲ್ಲದಿದ್ದರೆ ಬೇಡ. ಪ್ರತಿ ಮಿಲಿಮೀಟರಿಗೆ 50 ನ್ಯೂಟನ್ ಬಿಗಿಯುಳ್ಳ ಸ್ಪ್ರಿಂಗು 150 ಮಿಲಿಮೀಟರ್ ಒತ್ತಿಕೊಂಡಿದ್ದರೆ ಅದರಲ್ಲಿ ಸುಮಾರು 560 ಜೂಲ್ ಶಕ್ತಿ ಅಡಗಿರುತ್ತದೆ. ಸಿಮೆಂಟಿನ ಒಂದು ಮೂಟೆ ಒಂದು ಮೀಟರಿಗಿಂತ ತುಸು ಹೆಚ್ಚು ಎತ್ತರದಿಂದ ಮೈಮೇಲೆ ಬಿದ್ದಷ್ಟು. ಸ್ಟ್ರಟ್ ಆದರೆ ಎದುರುಬದುರಾಗಿ ಎರಡು ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಎರಡನ್ನೂ ಸಮವಾಗಿ ಬಿಗಿಯುತ್ತಾ ಹೋಗಿ, ಸ್ಪ್ರಿಂಗು ಸೀಟಿನಿಂದ ಸಡಿಲವಾದುದನ್ನು ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ಮೇಲಿನ ನಟ್ಟನ್ನು ಬಿಚ್ಚಬೇಕು. ವಿಶ್‌ಬೋನ್ ಆದರೆ ಕೆಳತೋಳಿನ ಕೆಳಗೆ ಟ್ರಾಲಿ ಜಾಕ್ ಇಟ್ಟು, ಚಾಸಿಗೂ ಸ್ಪ್ರಿಂಗಿಗೂ ಸೇರಿಸಿ ಸರಪಳಿ ಬಿಗಿದು, ಬಾಲ್ ಜಾಯಿಂಟ್ ಬಿಡಿಸಿದ ನಂತರ ಜಾಕನ್ನು ನಿಧಾನವಾಗಿ ಇಳಿಸುತ್ತಾ ಬರಬೇಕು. ಗಾಡಿ ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು; ಚಿರೆಕಲ್ಲು ಪೇರಿಸಿ ಅದರ ಮೇಲೆ ನಿಲ್ಲಿಸುವ ರೂಢಿಯನ್ನು ದಯವಿಟ್ಟು ಬಿಡಿ, ಆ ಕಲ್ಲು ಒಂದು ಮೂಲೆಯಲ್ಲಿ ಭಾರ ಬಿದ್ದರೆ ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಬಂಪ್ ರಬ್ಬರನ್ನು ತೆಗೆದರೆ ಜಾಗ ಹೆಚ್ಚುತ್ತದಲ್ಲವೇ?

ತೆಗೆಯಬಾರದು. ರಬ್ಬರಿಲ್ಲದಿದ್ದರೆ ಕಬ್ಬಿಣ ಕಬ್ಬಿಣಕ್ಕೆ ಬಡಿದು, ಆ ಪೆಟ್ಟು ಶಾಕಿನ ಒಳಗೋ ಹಳೆಯ ಬಾಡಿಯ ವೆಲ್ಡಿಂಗಿನ ಮೇಲೋ ಬೀಳುತ್ತದೆ. ತಗ್ಗಿಸಿದ ಅಳತೆಗೆ ಅನುಗುಣವಾಗಿ ರಬ್ಬರಿನ ಉದ್ದವನ್ನು ಸ್ವಲ್ಪ ಕಡಿಮೆ ಮಾಡುವವರಿದ್ದಾರೆ. ಹಾಗೆ ಮಾಡುವ ಮುನ್ನ ಸ್ಪ್ರಿಂಗಿಲ್ಲದೆ ತೋಳನ್ನು ಜಾಕಿನಿಂದ ಮೇಲಕ್ಕೆತ್ತಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟಯರು ಮಡ್‌ಗಾರ್ಡಿಗೂ ಬ್ರೇಕಿನ ಹೋಸಿಗೂ ತಾಗುತ್ತದೆಯೇ ಎಂದು ನೋಡಲೇಬೇಕು.

ಸ್ಪ್ರಿಂಗು ಗಿಡ್ಡವಾದರೆ ಚಕ್ರ ನೇತಾಡುವಾಗ ಏನಾಗುತ್ತದೆ?

ಸ್ಟ್ರಟ್ ಕಾರುಗಳಲ್ಲಿ ಇದು ಗಂಭೀರ ವಿಷಯ. ಜಾಕ್ ಹಚ್ಚಿದಾಗ ಅಥವಾ ಒಂದು ಚಕ್ರ ಆಳವಾದ ಗಟಾರದ ಮೇಲೆ ನೇತಾಡುವಾಗ ಶಾಕು ತನ್ನ ಪೂರ್ಣ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಆಗಲೂ ಸ್ಪ್ರಿಂಗು ಎರಡು ಸೀಟುಗಳ ನಡುವೆ ತುಸುವಾದರೂ ಒತ್ತಿಕೊಂಡಿರಬೇಕು. ಸಡಿಲವಾಗಿ ಕಟಕಟ ಎನ್ನುತ್ತಿದ್ದರೆ, ಚಕ್ರ ಮತ್ತೆ ನೆಲಕ್ಕೆ ಬೀಳುವಾಗ ಅದು ಸೀಟು ತಪ್ಪಿ ಕುಳಿತು ಟಯರಿಗೆ ತಾಗುವ ಸಂಭವವಿದೆ. ಜೋಡಿಸಿದ ಮೇಲೆ ಚಕ್ರವನ್ನು ಗಾಳಿಯಲ್ಲಿ ಬಿಟ್ಟು, ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಗಾಡಿ ರಸ್ತೆಗಿಳಿಯಬಾರದು.

ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕೇ?

ಮಾಡಿಸಲೇಬೇಕು. ಮೂತಿ ಇಳಿದಾಗ ಚಕ್ರಗಳ ಮೇಲಂಚು ಸಾಮಾನ್ಯವಾಗಿ ಒಳಕ್ಕೆ ವಾಲುತ್ತದೆ, ಟೈ ರಾಡುಗಳ ಕೋನ ಬದಲಾಗಿ ಟೋ ಅಳತೆ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ತಪ್ಪುತ್ತದೆ, ಟಯರಿನ ಒಳ ಅಂಚು ಸವೆಯತೊಡಗುತ್ತದೆ. ಮುಂದಷ್ಟೇ ತಗ್ಗಿಸಿದರೆ ಇಡೀ ಗಾಡಿ ಮುಂದಕ್ಕೆ ಬಾಗುವುದರಿಂದ ಕ್ಯಾಸ್ಟರ್ ಕೋನವೂ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣವೂ) ಕಡಿಮೆಯಾಗುತ್ತದೆ. ಪದ್ಮಿನಿಯ ಎರಡು ಆಕ್ಸಲುಗಳ ನಡುವಿನ ಅಂತರ 2,340 ಮಿಲಿಮೀಟರ್. ಮುಂದೆ 30 ಮಿಲಿಮೀಟರ್ ಇಳಿದರೆ ಸುಮಾರು ಮುಕ್ಕಾಲು ಡಿಗ್ರಿ ಹೋಗುತ್ತದೆ. ಸ್ಟೇರಿಂಗ್ ತುಸು ಹಗುರವಾಯಿತು ಎಂದು ಮೊದಲಿಗೆ ಖುಷಿಯಾದರೂ, ತಿರುವಿನ ನಂತರ ಅದು ತಾನಾಗಿ ನೇರಕ್ಕೆ ಬರುವ ಗುಣ ಕುಂದಿರುತ್ತದೆ; ದೇವಿಮನೆ ಘಟ್ಟ ಇಳಿಯುವಾಗ ಒಂದರ ಹಿಂದೊಂದು ತಿರುವಿನಲ್ಲಿ ಇದು ಕೈಗೆ ಗೊತ್ತಾಗುತ್ತದೆ.

ಸ್ಟ್ರಟ್ ಗಾಡಿಗಳಲ್ಲಿ ಇನ್ನೊಂದು ವಿಚಿತ್ರವಿದೆ. ಕೆಳತೋಳು ಹೊರತುದಿಯಲ್ಲಿ ಮೇಲಕ್ಕೇರಿದಂತೆ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಹಾಗಾಗಿ ಬಹಳ ತಗ್ಗಿಸಿದ ಮಾರುತಿ ತಿರುವಿನಲ್ಲಿ ಮೊದಲಿಗಿಂತ ಹೆಚ್ಚೇ ವಾಲಲು ಹವಣಿಸಬಹುದು. ಕೆಳತೋಳು ನೆಲಕ್ಕೆ ಸಮಾನಾಂತರವಾಗುವಲ್ಲಿಗೆ ನಿಲ್ಲಿಸುವುದು ವಿವೇಕ.

ನಮ್ಮೂರ ಹಂಪುಗಳ ಮೇಲೆ ಎಂಜಿನ್ ತಳದ ಚೇಂಬರ್ ಉಜ್ಜುವುದಿಲ್ಲವೇ?

ಹಂಪು ಎಂಥದು ಎನ್ನುವುದರ ಮೇಲಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಅದರ ನೆತ್ತಿಯ ಮೇಲೆ ಪದ್ಮಿನಿ ನಿಂತಾಗ ನಾಲ್ಕೂ ಚಕ್ರಗಳು ಕಮಾನಿನ ಮೇಲೆಯೇ ಇರುವುದರಿಂದ ಗಾಡಿಯ ಹೊಟ್ಟೆಯ ಕೆಳಗೆ ಏಳುವ ಉಬ್ಬು ಸುಮಾರು 40 ಮಿಲಿಮೀಟರ್ ಮಾತ್ರ. 2,175 ಮಿಲಿಮೀಟರ್ ಅಂತರದ ಮಾರುತಿ 800ಕ್ಕೆ 35. ಎರಡು ಇಂಚು ತಗ್ಗಿಸಿದ ಗಾಡಿಯೂ ನಿಧಾನವಾಗಿ ಹೋದರೆ ಇದನ್ನು ತಾಗದೆ ದಾಟುತ್ತದೆ.

ತೊಂದರೆ ಇರುವುದು ಊರವರೇ ರಾತ್ರೋರಾತ್ರಿ ಕಟ್ಟಿದ, ಎರಡಡಿ ಅಗಲದ, ಗೋಡೆಯಂಥ ಹಂಪುಗಳಲ್ಲಿ. ಅವು ಪೂರ್ತಿಯಾಗಿ ಎರಡು ಆಕ್ಸಲುಗಳ ನಡುವೆ ಬರುವುದರಿಂದ 15 ಸೆಂಟಿಮೀಟರ್ ಎತ್ತರದ ಹಂಪಿಗೆ 15 ಸೆಂಟಿಮೀಟರೂ ಬೇಕು. ಮುಂಚಕ್ರ ಇಳಿಯುವ ಕ್ಷಣದಲ್ಲಿ ಮೂತಿ ಮತ್ತಷ್ಟು ತಗ್ಗಿ, ಎಂಜಿನ್ನಿನ ಚೇಂಬರು ನೇರವಾಗಿ ಆ ಅಂಚಿನ ಮೇಲೆ ಬರುತ್ತದೆ. ಹೆದ್ದಾರಿ 66ರಲ್ಲೇ ಓಡಾಡುವವರಿಗೆ ಈ ಕಾಟ ಕಡಿಮೆ. ಅಘನಾಶಿನಿ, ಶರಾವತಿ ದಂಡೆಗಳ ಒಳರಸ್ತೆಯವರು, ಅಡಿಕೆ ತೋಟದ ಕೆಮ್ಮಣ್ಣಿನ ದಾರಿಯಲ್ಲಿ ಲಾರಿ ಚಕ್ರಗಳು ಕೊರೆದ ಹಾದಿಯ ನಡುವಿನ ಏರಿಯ ಮೇಲೆ ದಿನವೂ ಹೋಗುವವರು ಗಾಡಿ ತಗ್ಗಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಗಟಾರದ ಹಾಸುಗಲ್ಲು ದಾಟಿ ಅಂಗಳಕ್ಕೆ ಏರುವ ಜಾಗದಲ್ಲಿ ಈಗ ಬಂಪರಿಗೂ ನೆಲಕ್ಕೂ ಎಷ್ಟು ಬೆರಳು ಅಂತರವಿದೆ ಎಂದು ಒಮ್ಮೆ ಕೂತು ನೋಡಿ.

ಕೆಲಸವನ್ನು ಯಾವಾಗ ಮಾಡಿಸಬೇಕು?

ಮಳೆಗಾಲ ಕಳೆದು, ರಸ್ತೆಯ ಹೊಂಡಗಳನ್ನು ಮುಚ್ಚಿದ ಮೇಲೆ.

ಹೆಡ್‌ಲೈಟಿಗೆ ಏನಾದರೂ ಮಾಡಬೇಕೇ?

ಮೂತಿ ಬಾಗಿದಾಗ ಬೆಳಕೂ ಕೆಳಕ್ಕೆ ಬಾಗಿ ಬೇಗನೆ ನೆಲಕ್ಕೆ ಬೀಳುತ್ತದೆ. ಗೋಡೆಯ ಮೇಲೆ ಮೊದಲೇ ಗುರುತು ಹಾಕಿಟ್ಟುಕೊಂಡು, ಕೆಲಸದ ನಂತರ ಅದೇ ಜಾಗದಿಂದ ಸರಿಹೊಂದಿಸಿ. ಹಿಂದೆ ಅಡಿಕೆ ಚೀಲವನ್ನೋ ನೆಂಟರನ್ನೋ ತುಂಬಿಕೊಂಡಾಗ ಅದೇ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆಯೂ ನೋಡಿಕೊಳ್ಳಬೇಕು.

ಕತ್ತರಿಸದೆ ತಗ್ಗಿಸುವ ದಾರಿ ಇಲ್ಲವೇ?

ಇದೆ, ಮತ್ತು ಹಣವಿದ್ದರೆ ಅದೇ ಸರಿ. ಬೇಕಾದ ಉದ್ದ, ಬೇಕಾದ ಬಿಗಿ, ಸರಿಯಾದ ತುದಿಗಳೊಂದಿಗೆ ಹೊಸ ಸ್ಪ್ರಿಂಗು ಸುತ್ತಿಸಿಕೊಂಡರೆ ತಗ್ಗಿದ ಜಾಗಕ್ಕೆ ತಕ್ಕ ಬಿಗಿಯನ್ನೂ ಪಡೆಯಬಹುದು. ಕತ್ತರಿಸಿದ ಸ್ಪ್ರಿಂಗಿನಲ್ಲಿ ಆ ಆಯ್ಕೆ ಇರುವುದಿಲ್ಲ. ಜಿಲ್ಲೆಯೊಳಗೆ ಇಂಥ ಕೆಲಸಕ್ಕೆ ಅನುಕೂಲ ಕಡಿಮೆಯಾದ ಕಾರಣ ಹುಬ್ಬಳ್ಳಿ, ಬೆಳಗಾವಿ ಅಥವಾ ಮಡಗಾಂವ್ ಕಡೆ ವಿಚಾರಿಸಬೇಕಾಗುತ್ತದೆ. ತಂತಿಯ ದಪ್ಪ, ಹೊರವ್ಯಾಸ, ಸುತ್ತುಗಳ ಸಂಖ್ಯೆ, ಬಿಚ್ಚಿದಾಗಿನ ಉದ್ದ, ಗಾಡಿಯಲ್ಲಿ ಕುಳಿತಾಗಿನ ಉದ್ದ, ಎರಡು ತುದಿಗಳ ಆಕಾರ ಇಷ್ಟನ್ನು ಬರೆದುಕೊಂಡು, ಸಾಧ್ಯವಾದರೆ ಹಳೆಯದೊಂದನ್ನು ಜೊತೆಗೆ ಒಯ್ಯಿರಿ. ಸುತ್ತುಗಳನ್ನು ಕ್ಲಾಂಪಿನಿಂದ ಬಿಗಿದು ತಗ್ಗಿಸುವ ಉಪಾಯವನ್ನು ಮಾತ್ರ ಎಂದೂ ಒಪ್ಪಬೇಡಿ. ಕ್ಲಾಂಪು ತಂತಿಯ ಮೇಲೆ ಗೀರು ಹಾಕುತ್ತದೆ, ಆ ಗೀರಿನಿಂದಲೇ ಬಿರುಕು ಹುಟ್ಟುತ್ತದೆ, ಒಂದು ದಿನ ಕ್ಲಾಂಪೇ ಜಾರಿ ಒಂದು ಬದಿ ಇದ್ದಕ್ಕಿದ್ದಂತೆ ಮೇಲೇಳುತ್ತದೆ.

ಹಿಂಭಾಗವನ್ನೂ ತಗ್ಗಿಸಬೇಕೇ?

ಮುಂದೆ 25 ಮಿಲಿಮೀಟರಿಗೆ ನಿಲ್ಲಿಸಿದರೆ ಅಗತ್ಯವಿಲ್ಲ. ಹಿಂದಿನ ಪ್ಲೇಟುಗಳು ಮನೆಮಂದಿಯ ಭಾರವನ್ನೂ ಸಾಮಾನನ್ನೂ ಹೊರಬೇಕಾದವು. ಅಲ್ಲಿಂದ ಒಂದು ಪ್ಲೇಟು ತೆಗೆದರೆ ಉಳಿದವು ಬೇಗ ಮುರಿಯುತ್ತವೆ.

ಮನಸ್ಸು ಬದಲಾದರೆ ಮತ್ತೆ ಮೊದಲಿನ ಎತ್ತರಕ್ಕೆ ತರಬಹುದೇ?

ಕತ್ತರಿಸಿದ ತುಂಡನ್ನು ವೆಲ್ಡ್ ಮಾಡಿ ಸೇರಿಸುವಂತಿಲ್ಲ. ವೆಲ್ಡಿಂಗಿನ ಶಾಖ ಉಕ್ಕಿನ ಹದವನ್ನು ಕೆಡಿಸಿ, ಅದೇ ಜಾಗದಲ್ಲಿ ಮುರಿಯುವಂತೆ ಮಾಡುತ್ತದೆ. ಆದ್ದರಿಂದ ಗುಜರಿಯಿಂದಲೋ ಹಳೆಯ ಬಿಡಿಭಾಗದ ಅಂಗಡಿಯಿಂದಲೋ ಅದೇ ಮಾದರಿಯ ಇನ್ನೊಂದು ಒಳ್ಳೆಯ ಜೋಡಿಯನ್ನು ಮೊದಲು ಸಂಪಾದಿಸಿ ಅದನ್ನು ಕತ್ತರಿಸಿ. ಗಾಡಿಯೊಂದಿಗೆ ಬಂದ ಸ್ಪ್ರಿಂಗುಗಳನ್ನು ಮುಟ್ಟದೆ, ಎಡ ಬಲ ಎಂದು ಬಣ್ಣದಲ್ಲಿ ಬರೆದು, ಗ್ರೀಸ್ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ನೋಂದಣಿ ನವೀಕರಣದ ತಪಾಸಣೆಗೆ ಮುನ್ನ, ಅಥವಾ ಗಾಡಿಯನ್ನು ಮಾರುವಾಗ, ಅವನ್ನೇ ಮತ್ತೆ ಹಾಕಿಸಿ ಅಲೈನ್‌ಮೆಂಟ್ ಮಾಡಿಸಿಕೊಂಡರಾಯಿತು.